ಕ್ಯಾಲಿಬ್ರೇಟರ್ ಕೈಕೊಟ್ಟಾಗ: ಕೆಳ ಆವರ್ತನದ ಜಿಎಂಆರ್‌ಟಿ ದತ್ತಾಂಶದಲ್ಲಿ ದೋಷ ಪತ್ತೆ

ಚಿತ್ರ ಮಸುಕಾಗಿ ಬಂದರೆ ತಪ್ಪನ್ನು ಅಯಾನುಗೋಳದ (ಮೇಲ್ವಾತಾವರಣದ ವಿದ್ಯುದಾವೇಶಿತ ಪದರದ) ತಲೆಗೆ ಕಟ್ಟಿ ಮುಂದೆ ಹೋಗುವುದು ಕೆಳ ಆವರ್ತನದ ರೇಡಿಯೋ ಖಗೋಳದಲ್ಲಿ ರೂಢಿಯಾಗಿಬಿಟ್ಟಿದೆ. ಧಾರವಾಡ, ಕಲಬುರಗಿ, ಶಿವಮೊಗ್ಗಗಳಿಂದ ಎಂಎಸ್ಸಿ ಪ್ರಾಜೆಕ್ಟಿಗೆಂದು ಪುಣೆಗೆ ಬಂದ ವಿದ್ಯಾರ್ಥಿಗಳು ಭಾನುವಾರಗಳಲ್ಲಿ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಕನ್ನಡದಲ್ಲಿ ಕೂತು ಮಾತಾಡಿದರೆ ತಲೆಗೆ ಹೋಗುತ್ತದೆ ಎಂಬುದು ಅವರ ನಂಬಿಕೆ, ನನ್ನದೂ ಅದೇ. ಬಹುತೇಕರು ಬಾಗಿಲಲ್ಲೇ ಹೇಳುವ ಮಾತು: 'ಅಯಾನುಗೋಳ ಆ ದಿನ ಕೆಟ್ಟಿತ್ತು ಅನಿಸುತ್ತದೆ.' ಇರಬಹುದು. ಆದರೆ ಆ ಮಾತಿಗೆ ಬರುವ ಮೊದಲು ಕ್ಯಾಲಿಬ್ರೇಟರನ್ನು, ಅಂದರೆ ದೂರದರ್ಶಕದ ಅಳತೆ ಸರಿಹೊಂದಿಸಲು ಬಳಸುವ ಪರಿಚಿತ ರೇಡಿಯೋ ಆಕರವನ್ನು, ವಿಚಾರಣೆಗೆ ನಿಲ್ಲಿಸಬೇಕು. ಒಂದು ಆಕರ ಒಳ್ಳೆಯ ಕ್ಯಾಲಿಬ್ರೇಟರ್ ಹೌದೋ ಅಲ್ಲವೋ ಎಂಬುದು ಆಕರವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಯಾವ ಆವರ್ತನ, ಎಷ್ಟು ಉದ್ದದ ಬೇಸ್‌ಲೈನ್ (ಎರಡು ಆಂಟೆನಾಗಳ ನಡುವಿನ ಅಂತರ), ದೂರದರ್ಶಕದ ಕಣ್ಣಿಗೆ ಬೀಳುವ ಆಕಾಶ ಎಷ್ಟು ಅಗಲ ಎಂಬ ಮೂರನ್ನೂ ಸೇರಿಸಿ ಕೇಳಿದಾಗ ಮಾತ್ರ ಉತ್ತರ ಸಿಗುತ್ತದೆ.

ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಎನ್‌ಸಿಆರ್‌ಎ (ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರ) ನಡೆಸುವ ಜಿಎಂಆರ್‌ಟಿ (ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್), ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿದೆ. ರೇಡಿಯೋ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಕನಸಿನ ಫಲವಾದ ಈ ದೂರದರ್ಶಕದಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳಿವೆ. 14 ಆಂಟೆನಾಗಳು ನಡುವಿನ ಸುಮಾರು ಒಂದು ಕಿಲೋಮೀಟರ್ ಚೌಕದಲ್ಲಿ, ಉಳಿದ 16 ಪೂರ್ವ, ಪಶ್ಚಿಮ, ದಕ್ಷಿಣದ ಮೂರು ತೋಳುಗಳಲ್ಲಿ. ಅತಿ ಉದ್ದದ ಬೇಸ್‌ಲೈನ್ ಸುಮಾರು 25 ಕಿಲೋಮೀಟರ್. ನವೀಕರಣದ ನಂತರ ಬ್ಯಾಂಡ್ 2 (120–250 ಮೆಗಾಹರ್ಟ್ಸ್), ಬ್ಯಾಂಡ್ 3 (250–500), ಬ್ಯಾಂಡ್ 4 (550–850), ಬ್ಯಾಂಡ್ 5 (1050–1450) ಬಳಕೆಯಲ್ಲಿವೆ. ಮುಂದೆ ಹೇಳುವುದು ಮುಖ್ಯವಾಗಿ 2, 3, 4ನೇ ಬ್ಯಾಂಡ್‌ಗಳಿಗೆ ಅನ್ವಯ.

ಮೊದಲು ಫ್ಲಕ್ಸ್ ಕ್ಯಾಲಿಬ್ರೇಟರ್

ಲಕ್ಷಣ ಹೀಗಿರುತ್ತದೆ: ಚಿತ್ರ ನೋಡಲು ಚೆನ್ನಾಗಿದೆ, ಆದರೆ ಕ್ಷೇತ್ರದ ಎಲ್ಲ ಆಕರಗಳ ಫ್ಲಕ್ಸ್ (ನಮಗೆ ತಲುಪುವ ರೇಡಿಯೋ ಪ್ರಖರತೆ) ಹಳೆಯ ಸಮೀಕ್ಷೆಗಳಿಗೆ ಹೋಲಿಸಿದರೆ ಒಂದೇ ಅನುಪಾತದಲ್ಲಿ ಹೆಚ್ಚು ಅಥವಾ ಕಡಿಮೆ. ಎಲ್ಲವೂ ಒಂದೇ ಅನುಪಾತದಲ್ಲಿ ಓರೆಯಾಗಿದ್ದರೆ ದೋಷ ಬುಡದಲ್ಲಿದೆ ಎಂದರ್ಥ.

3ಸಿ 48, 3ಸಿ 147, 3ಸಿ 286 ಎಂಬ, ಫ್ಲಕ್ಸ್ ಮೊದಲೇ ತಿಳಿದ ಮೂರು ಆಕರಗಳೇ ಇಲ್ಲಿ ನಮ್ಮ ಆಧಾರ. ಮೂರೂ ಅಡಕವಾದ, ಪ್ರಖರವಾದ ಕ್ವೇಸಾರ್‌ಗಳು. ಜಿಎಂಆರ್‌ಟಿಯ ಕೆಳ ಬ್ಯಾಂಡ್‌ಗಳ ವಿಭೇದನಕ್ಕೆ (ಸೂಕ್ಷ್ಮ ವಿವರ ಬಿಡಿಸಿ ನೋಡುವ ಶಕ್ತಿಗೆ) ಹೆಚ್ಚುಕಡಿಮೆ ಬಿಂದುಗಳಂತೆಯೇ ಕಾಣುತ್ತವೆ. ಆದರೆ ಅವುಗಳ ರೋಹಿತ (ಆವರ್ತನದೊಂದಿಗೆ ಫ್ಲಕ್ಸ್ ಬದಲಾಗುವ ರೀತಿ) ನೇರ ಗೆರೆಯಲ್ಲ, ಕೆಳ ಆವರ್ತನಕ್ಕೆ ಇಳಿದಂತೆ ಬಾಗುತ್ತದೆ. 3ಸಿ 286ನ್ನೇ ನೋಡಿ. 1.4 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 15 ಜಾನ್ಸ್ಕಿ (ಫ್ಲಕ್ಸಿನ ಏಕಮಾನ). ಅಲ್ಲಿನ ಇಳಿಜಾರನ್ನೇ ಹಿಡಿದು ನೇರವಾಗಿ 150 ಮೆಗಾಹರ್ಟ್ಸ್‌ವರೆಗೆ ಗೆರೆ ಎಳೆದರೆ 46 ಜಾನ್ಸ್ಕಿಯ ಆಸುಪಾಸಿಗೆ ಬರುತ್ತದೆ. ಸ್ಕೈಫ್ ಮತ್ತು ಹೀಲ್ಡ್ 2012ರಲ್ಲಿ ಕೆಳ ಆವರ್ತನಕ್ಕೆಂದೇ ಕೊಟ್ಟ ಮಾನಕದ ಪ್ರಕಾರ ಅಲ್ಲಿನ ಬೆಲೆ ಸುಮಾರು 27.5 ಜಾನ್ಸ್ಕಿ. ಇಷ್ಟು ದೊಡ್ಡ ಅಂತರ ಯಾವ ಸ್ವಯಂ ಕ್ಯಾಲಿಬ್ರೇಷನ್‌ನಿಂದಲೂ (ಆಕರದ ಚಿತ್ರವನ್ನೇ ಮಾದರಿಯಾಗಿಟ್ಟು ಅಳತೆ ತಿದ್ದುವ ವಿಧಾನ) ಸರಿಹೋಗದು. ಅದೇ ಮಾನಕದಲ್ಲಿ 3ಸಿ 48 ಸುಮಾರು 64.8, 3ಸಿ 147 ಸುಮಾರು 66.7 ಜಾನ್ಸ್ಕಿ. ಆದ್ದರಿಂದ ಬ್ಯಾಂಡ್ 2ರಲ್ಲಿ ಆಯ್ಕೆ ನಿಮ್ಮ ಕೈಯಲ್ಲಿದ್ದರೆ 3ಸಿ 286ಕ್ಕಿಂತ ಉಳಿದೆರಡು ಎಷ್ಟೋ ಮೇಲು.

ದತ್ತಾಂಶ ಸಂಸ್ಕರಿಸುವ ಕಾಸಾ ತಂತ್ರಾಂಶದಲ್ಲಿ, ಕ್ಯಾಲಿಬ್ರೇಟರಿನ ಫ್ಲಕ್ಸ್ ಬೆಲೆ ತುಂಬುವ ಸೆಟ್‌ಜೇವೈ ಆದೇಶ ಓಡಿಸಿದ ಮೇಲೆ ಲಾಗ್ ತೆರೆದು ಎರಡು ಸಂಗತಿ ಖಚಿತಪಡಿಸಿಕೊಳ್ಳಿ. ಯಾವ ಮಾನಕ ಬಳಕೆಯಾಗಿದೆ? ನಿಮ್ಮ ಆವರ್ತನಕ್ಕೆ ಅದು ಕೊಟ್ಟ ಬೆಲೆ ಎಷ್ಟು? ಪರ್ಲಿ–ಬಟ್ಲರ್ 2017 ಮಾನಕ 50 ಮೆಗಾಹರ್ಟ್ಸ್‌ವರೆಗೂ ಇಳಿಯುತ್ತದೆ, ಹಾಗಾಗಿ ಅದೂ ಸಲ್ಲುತ್ತದೆ. ಆದರೆ ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಯಾರೋ ಎಂದೋ ಬರೆದಿಟ್ಟ ಹಳೆಯ ಮಾನಕ ಹಾಗೆಯೇ ಕೂತಿರುತ್ತದೆ. ಹಿರಿಯರಿಂದ ಕಿರಿಯರಿಗೆ ಸ್ಕ್ರಿಪ್ಟ್ ಕೈ ದಾಟುವಾಗ ಆ ಸಾಲನ್ನು ಯಾರೂ ತೆರೆದು ನೋಡುವುದಿಲ್ಲ. ಮಾದರಿ ಸಿಗದೆ ಆಕರಕ್ಕೆ 1 ಜಾನ್ಸ್ಕಿ ಎಂಬ ಬೆಲೆಯೇ ಉಳಿದುಹೋಗಿದೆಯೇ ಎಂಬುದನ್ನೂ ನೋಡಿ. ಆಕರದ ಹೆಸರನ್ನು ತಂತ್ರಾಂಶ ಗುರುತಿಸದಿದ್ದಾಗ ಹೀಗಾಗುತ್ತದೆ.

ಇನ್ನೊಂದು ತೊಡಕು ಆಕಾಶದ ಗಡಿಯಾರದ್ದು. ಖೋಡದ್‌ನ ಅಕ್ಷಾಂಶ ಸುಮಾರು 19 ಡಿಗ್ರಿ ಉತ್ತರ, ಆಂಟೆನಾಗಳು ಸುಮಾರು 17 ಡಿಗ್ರಿ ಎತ್ತರಕ್ಕಿಂತ ಕೆಳಗೆ ಬಾಗುವುದಿಲ್ಲ. ಸ್ಥಳೀಯ ನಾಕ್ಷತ್ರಿಕ ಕಾಲ 19ರಿಂದ 20 ಗಂಟೆಯ ನಡುವೆ ಆ ಮೂರರಲ್ಲಿ ಒಂದೂ ಕೈಗೆ ಸಿಗದು. 3ಸಿ 286 ಮುಳುಗಿರುತ್ತದೆ, 3ಸಿ 48 ಇನ್ನೂ ಎದ್ದಿರುವುದಿಲ್ಲ. ಹಂಸ, ಗರುಡ ನಕ್ಷತ್ರಪುಂಜಗಳ ಕಡೆ ಗುರಿಯಿಡುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ವೀಕ್ಷಣೆಯನ್ನು 3ಸಿ 286ರಿಂದ ಆರಂಭಿಸಿ 3ಸಿ 48ರಿಂದ ಮುಗಿಸಬೇಕು. ಬ್ಯಾಂಡ್ 2ರಲ್ಲಾದರೆ ನಡುವೆ 3ಸಿ 380 ಸಹ ಆದೀತು, ಸ್ಕೈಫ್–ಹೀಲ್ಡ್ ಮಾನಕದಲ್ಲಿ ಅದೂ ಇದೆ. ಬ್ಯಾಂಡ್ 4ಕ್ಕೆ ಬಂದಾಗ ಅದರ ಹರಹು ಕಾಣಿಸತೊಡಗುವುದರಿಂದ ಅಲ್ಲಿ ಅದನ್ನು ಬಿಂದುವೆಂದು ನಂಬಬೇಡಿ.

ಫೇಸ್ ಕ್ಯಾಲಿಬ್ರೇಟರ್: ತೊಂದರೆಯ ತವರು

ಫೇಸ್ (ಬಂದ ಅಲೆಯ ಏರಿಳಿತದ ಹಂತ) ಹೊತ್ತು ಹೋದಂತೆ ಸರಿಯುವುದನ್ನು ತಿದ್ದಲು ಗುರಿಯ ಹತ್ತಿರದಲ್ಲೊಂದು ಆಕರ ಆರಿಸಿ, ಅರ್ಧ–ಮುಕ್ಕಾಲು ಗಂಟೆಗೊಮ್ಮೆ ಐದಾರು ನಿಮಿಷ ಅದರತ್ತ ತಿರುಗಿ ನೋಡುವುದು ಪದ್ಧತಿ. ಆ ಆಕರವನ್ನು ಬಹಳ ಮಂದಿ ಅಮೆರಿಕದ ವಿಎಲ್‌ಎ ದೂರದರ್ಶಕದ ಕ್ಯಾಲಿಬ್ರೇಟರ್ ಪಟ್ಟಿಯಿಂದ ಎತ್ತಿಕೊಳ್ಳುತ್ತಾರೆ. ಪಟ್ಟಿ ಅಮೂಲ್ಯವಾದದ್ದು, ಓದುವ ರೀತಿಯಲ್ಲಿ ಎಡವುತ್ತೇವೆ ಅಷ್ಟೆ. ಪ್ರತಿ ಆಕರಕ್ಕೂ ತರಂಗಾಂತರವಾರು ಸಾಲುಗಳಿವೆ, ಪ್ರತಿ ಸಾಲಿನಲ್ಲೂ ಎ, ಬಿ, ಸಿ, ಡಿ ಎಂಬ ನಾಲ್ಕು ಆಂಟೆನಾ ಜೋಡಣೆಗಳಿಗೆ ಒಂದೊಂದು ಅಕ್ಷರ. ಪಿ ಎಂದರೆ ಉತ್ತಮ, ಎಸ್ ಎಂದರೆ ಪರವಾಗಿಲ್ಲ, ಎಕ್ಸ್ ಎಂದರೆ ಮುಟ್ಟಬೇಡಿ. ವಿಎಲ್‌ಎಯ ಎ ಜೋಡಣೆ ಸುಮಾರು 36 ಕಿಲೋಮೀಟರ್, ಬಿ ಜೋಡಣೆ ಸುಮಾರು 11 ಕಿಲೋಮೀಟರ್ ಹರವಿನವು. ನಮ್ಮ 25 ಕಿಲೋಮೀಟರ್ ಇವೆರಡರ ನಡುವೆ ಬೀಳುತ್ತದೆ. ಆದ್ದರಿಂದ ಸಿ, ಡಿ ಅಡಿಯಲ್ಲಿರುವ ಪಿ ಅಕ್ಷರ ನಮಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಸಾಲು. ಬ್ಯಾಂಡ್ 3ಕ್ಕೆ 90 ಸೆಂಟಿಮೀಟರ್ ಸಾಲನ್ನು ನೋಡಬೇಕು. ಎಷ್ಟೋ ಆಕರಗಳಿಗೆ ಆ ಸಾಲೇ ಇರುವುದಿಲ್ಲ. ಆಗ 20 ಸೆಂಟಿಮೀಟರ್ ಸಾಲಿನ ಪಿ ಕಂಡು ಸಮಾಧಾನಪಟ್ಟುಕೊಳ್ಳುವುದೇ ಅನರ್ಥಕ್ಕೆ ದಾರಿ. ಮೇಲಿನ ಆವರ್ತನದಲ್ಲಿ ಮೆರೆಯುವ ಅಡಕವಾದ ತಿರುಳಿನ ರೋಹಿತ ಸಾಮಾನ್ಯವಾಗಿ ಸಪಾಟು. ಅದರ ಸುತ್ತಲಿನ ಹಾಲೆಗಳದ್ದು (ಬದಿಗಳಿಗೆ ಚಾಚಿದ ರೇಡಿಯೋ ಮೋಡಗಳದ್ದು) ಕಡಿದಾದ ರೋಹಿತ. ಆವರ್ತನ ಇಳಿದಂತೆ ತಿರುಳು ಅಷ್ಟೇ ಉಳಿಯುತ್ತದೆ ಅಥವಾ ಕುಗ್ಗುತ್ತದೆ, ಹಾಲೆಗಳು ಉಬ್ಬಿ ಮೇಲೇಳುತ್ತವೆ. 1.4 ಗಿಗಾಹರ್ಟ್ಸ್‌ನಲ್ಲಿ ಬಿಂದುವಾಗಿದ್ದದ್ದು 400 ಮೆಗಾಹರ್ಟ್ಸ್‌ನಲ್ಲಿ ಜೋಡಿಯಾಗಿಬಿಡುತ್ತದೆ.

ಧಾರವಾಡದ ವಿದ್ಯಾರ್ಥಿನಿಯೊಬ್ಬಳು ತಂದ ಬ್ಯಾಂಡ್ 3 ದತ್ತಾಂಶದಲ್ಲಿ ಆಗಿದ್ದು ಇದೇ. ಗುರಿಯ ಪಕ್ಕದ ಪ್ರತಿ ಪ್ರಖರ ಆಕರದ ಸುತ್ತಲೂ ಒಂದೇ ದಿಕ್ಕಿಗೆ ಚಾಚಿದ ಪಟ್ಟೆಗಳಿದ್ದವು. ಅಯಾನುಗೋಳವೇ ಇರಬೇಕೆಂದು ಅವಳು ಮೂರರಲ್ಲೊಂದು ಪಾಲು ದತ್ತಾಂಶವನ್ನು ಕತ್ತರಿಸಿ ಎಸೆದಿದ್ದಳು. ಪಟ್ಟೆಗಳು ಹಾಗೆಯೇ ಇದ್ದವು. ಗುರಿಯನ್ನು ಬದಿಗಿಟ್ಟು ಫೇಸ್ ಕ್ಯಾಲಿಬ್ರೇಟರಿನ ಆಂಪ್ಲಿಟ್ಯೂಡನ್ನು (ಸಂಕೇತದ ಬಲವನ್ನು) ಬೇಸ್‌ಲೈನ್ ಉದ್ದಕ್ಕೆ ಎದುರಾಗಿ ಬಿಡಿಸಿ ನೋಡಿದೆವು. ಈ ಒಂದು ನಕ್ಷೆಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ, ಅದಕ್ಕಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಕರ ನಿಜಕ್ಕೂ ಬಿಂದುವಾದರೆ ನಕ್ಷೆ ಸಪಾಟಾದ ಪಟ್ಟಿ. ಉದ್ದದ ಬೇಸ್‌ಲೈನ್‌ಗಳತ್ತ ನಿಧಾನವಾಗಿ ಇಳಿದರೆ ಆಕರಕ್ಕೆ ಗಾತ್ರವಿದೆ. ಗಿಡ್ಡ ಬೇಸ್‌ಲೈನ್‌ಗಳಲ್ಲಿ ಮಾತ್ರ ಚೆಲ್ಲಾಪಿಲ್ಲಿಯಾಗಿ ಮೇಲೆದ್ದರೆ ಕ್ಷೇತ್ರದಲ್ಲಿ ಬೇರೆ ಆಕರಗಳಿವೆ, ಅಥವಾ ಸ್ಥಳೀಯ ರೇಡಿಯೋ ಅಡಚಣೆ ಒಳನುಗ್ಗಿದೆ. ಅಲೆ ಅಲೆಯಾಗಿ ಏರಿಳಿದರೆ ಅದು ಜೋಡಿ. ಅವಳ ನಕ್ಷೆ ಸುಮಾರು 5 ಮತ್ತು 3 ಜಾನ್ಸ್ಕಿಗಳ ನಡುವೆ ಅಲೆಯಾಡುತ್ತಿತ್ತು. ಗರಿಷ್ಠವು ಎರಡು ಘಟಕಗಳ ಮೊತ್ತ, ಕನಿಷ್ಠವು ಅವುಗಳ ವ್ಯತ್ಯಾಸ. ಹಾಗಾದರೆ ಒಂದು 4 ಜಾನ್ಸ್ಕಿ, ಇನ್ನೊಂದು 1 ಜಾನ್ಸ್ಕಿ. ಜೋಡಿಯ ದಿಕ್ಕಿಗೆ ಹೊಂದಿದ ಬೇಸ್‌ಲೈನ್‌ಗಳನ್ನು ಮಾತ್ರ ಆರಿಸಿದಾಗ ಒಂದು ಅಲೆಯಿಂದ ಇನ್ನೊಂದಕ್ಕೆ ಸುಮಾರು 10 ಸಾವಿರ ತರಂಗಾಂತರಗಳ ಅಂತರ ಬಂತು (ಬೇಸ್‌ಲೈನ್ ಉದ್ದವನ್ನು ಇಲ್ಲಿ ತರಂಗಾಂತರಗಳಲ್ಲಿ ಅಳೆಯುತ್ತೇವೆ). 2,06,265ನ್ನು (ಒಂದು ರೇಡಿಯನ್ನಿನಲ್ಲಿರುವ ಆರ್ಕ್‌ಸೆಕೆಂಡ್‌ಗಳ ಸಂಖ್ಯೆ) ಆ ಅಂತರದಿಂದ ಭಾಗಿಸಿದರೆ ಘಟಕಗಳ ನಡುವಿನ ದೂರ ಆರ್ಕ್‌ಸೆಕೆಂಡ್‌ಗಳಲ್ಲಿ ಸಿಗುತ್ತದೆ: ಸುಮಾರು 20. 400 ಮೆಗಾಹರ್ಟ್ಸ್‌ನಲ್ಲಿ 25 ಕಿಲೋಮೀಟರ್ ಎಂದರೆ 33 ಸಾವಿರ ತರಂಗಾಂತರ, ಆದ್ದರಿಂದ ಇಡೀ ನಕ್ಷೆಯಲ್ಲಿ ಮೂರು ಅಲೆಗಳು ಸ್ಪಷ್ಟವಾಗಿ ಕಂಡವು. ಚಿತ್ರವನ್ನೇ ಮಾಡದೆ, ಬರಿಯ ಒಂದು ನಕ್ಷೆಯಿಂದ ಆಕರದ ರೂಪ ಕೈಗೆ ಬಂದಿತ್ತು. ಆ ಕ್ಷಣದ ಸಂತೋಷ ಬಹಳ ದೊಡ್ಡದು.

ಸಮೀಕ್ಷೆಗಳಲ್ಲಿ ಇದೇಕೆ ಕಾಣಲಿಲ್ಲ ಎಂದು ಅವಳು ಕೇಳಿದಳು. ಜಿಎಂಆರ್‌ಟಿಯದ್ದೇ ಆದ 150 ಮೆಗಾಹರ್ಟ್ಸ್ ಸಮೀಕ್ಷೆ ಟಿಜಿಎಸ್‌ಎಸ್‌ನ ವಿಭೇದನ 25 ಆರ್ಕ್‌ಸೆಕೆಂಡ್, 1.4 ಗಿಗಾಹರ್ಟ್ಸ್‌ನ ಎನ್‌ವಿಎಸ್‌ಎಸ್‌ನದು 45. 20 ಆರ್ಕ್‌ಸೆಕೆಂಡ್ ಅಂತರದ ಜೋಡಿ ಎರಡರಲ್ಲೂ ಒಂದೇ ಚುಕ್ಕೆ. 5 ಆರ್ಕ್‌ಸೆಕೆಂಡ್ ವಿಭೇದನದ ಫಸ್ಟ್ ಸಮೀಕ್ಷೆಯಲ್ಲೋ 2.5 ಆರ್ಕ್‌ಸೆಕೆಂಡಿನ ವಿಎಲ್‌ಎಎಸ್‌ಎಸ್‌ನಲ್ಲೋ ಒಮ್ಮೆ ಇಣುಕಿದ್ದರೆ ಸಂಶಯ ಬರುತ್ತಿತ್ತು.

ಪರಿಹಾರ ಕಷ್ಟದ್ದಲ್ಲ. ಕ್ಯಾಲಿಬ್ರೇಟರನ್ನೇ ಗುರಿಯೆಂದು ಭಾವಿಸಿ ಅದರ ಚಿತ್ರ ಮಾಡಿ, ಸ್ವಯಂ ಕ್ಯಾಲಿಬ್ರೇಟ್ ಮಾಡಿ, ಆ ಚಿತ್ರವನ್ನು ಮಾದರಿಯಾಗಿ ಕೊಟ್ಟು ಗೇನ್‌ಗಳನ್ನು (ಪ್ರತಿ ಆಂಟೆನಾದ ತಿದ್ದುಪಡಿ ಅಂಶಗಳನ್ನು) ಮತ್ತೆ ಲೆಕ್ಕ ಹಾಕಿಸಿ. ಎಸೆದ ದತ್ತಾಂಶವನ್ನೆಲ್ಲ ವಾಪಸು ಸೇರಿಸಿದ ಮೇಲೂ ಅವಳ ಪಟ್ಟೆಗಳು ಮಾಯವಾದವು.

ಆಕರ ಬಿಂದುವೇ, ಆದರೂ ಗೇನ್‌ಗಳು ಕುಣಿಯುತ್ತಿವೆ

ಈಗ ಕ್ಷೇತ್ರದ ಅಗಲವನ್ನು ನೆನಪಿಸಿಕೊಳ್ಳಿ. 1280 ಮೆಗಾಹರ್ಟ್ಸ್‌ನಲ್ಲಿ ಆಂಟೆನಾದ ದೃಷ್ಟಿ ಅರ್ಧ ಡಿಗ್ರಿಗೂ ಕಡಿಮೆ, 150 ಮೆಗಾಹರ್ಟ್ಸ್‌ನಲ್ಲಿ ಸುಮಾರು 3 ಡಿಗ್ರಿ. ವಿಸ್ತೀರ್ಣ ಸುಮಾರು 50 ಪಟ್ಟು ಹಿಗ್ಗುತ್ತದೆ. ಎಪಿಎಂಸಿ ಮಾರುಕಟ್ಟೆಯ ಗದ್ದಲದಲ್ಲಿ ಒಬ್ಬನ ದನಿ ಆಲಿಸಿದಂತಾಗುತ್ತದೆ ಪಾಡು: 2 ಜಾನ್ಸ್ಕಿಯ ಸಪಾಟು ರೋಹಿತದ ಕ್ಯಾಲಿಬ್ರೇಟರ್ ಅಲ್ಲೂ 2 ಜಾನ್ಸ್ಕಿಯೇ, ಸುತ್ತಲಿನ ಕಡಿದಾದ ರೋಹಿತದ ನೂರಾರು ಆಕರಗಳು ಒಟ್ಟಾಗಿ ಅದನ್ನು ಮುಳುಗಿಸುತ್ತವೆ.

ಆದ್ದರಿಂದ ಆಕರದ ಬೆಲೆಯನ್ನು ನಿಮ್ಮ ಆವರ್ತನಕ್ಕೆ ಲೆಕ್ಕ ಹಾಕಿ ನೋಡಬೇಕು. ಒಂದು ಆಕರ 150 ಮೆಗಾಹರ್ಟ್ಸ್‌ನಲ್ಲಿ 10 ಜಾನ್ಸ್ಕಿ, 1.4 ಗಿಗಾಹರ್ಟ್ಸ್‌ನಲ್ಲಿ 2 ಜಾನ್ಸ್ಕಿ ಎಂದಿಟ್ಟುಕೊಳ್ಳಿ. ಎರಡು ಬೆಲೆಗಳ ಅನುಪಾತದ ಲಾಗರಿದಮ್ಮನ್ನು ಆವರ್ತನಗಳ ಅನುಪಾತದ ಲಾಗರಿದಮ್ಮಿನಿಂದ ಭಾಗಿಸಿದರೆ ರೋಹಿತ ಸೂಚ್ಯಂಕ ಸುಮಾರು -0.72. ಅದರಂತೆ 400 ಮೆಗಾಹರ್ಟ್ಸ್‌ನಲ್ಲಿ ಸುಮಾರು 4.9 ಜಾನ್ಸ್ಕಿ. ಬಳಿಕ ಟಿಜಿಎಸ್‌ಎಸ್ ಪಟ್ಟಿಯಿಂದ ಅದೇ ಕ್ಷೇತ್ರದ ಉಳಿದ ಆಕರಗಳನ್ನು ತೆಗೆದು ಮೊತ್ತ ಹಾಕಿ. ನಿಮ್ಮ ಆಕರ ಆ ಗುಂಪಿನಲ್ಲಿ ಎದ್ದು ಕಾಣದಿದ್ದರೆ ಬೇರೆಯದನ್ನು ಹುಡುಕಿ. ದಕ್ಷಿಣಕ್ಕೆ -53 ಡಿಗ್ರಿ ಘಂಟಾವೃತ್ತಾಂಶದವರೆಗೆ (ಆಕಾಶದ ಅಕ್ಷಾಂಶ) ಟಿಜಿಎಸ್‌ಎಸ್ ಇದೆ, ಜಿಎಂಆರ್‌ಟಿಗೆ ಕಾಣುವ ಆಕಾಶದ ಅಂಚೂ ಅದೇ. ದಕ್ಷಿಣದ ಆಕಾಶಕ್ಕೆ 72–231 ಮೆಗಾಹರ್ಟ್ಸ್‌ನ ಗ್ಲೀಮ್ ಸಮೀಕ್ಷೆಯೂ ಬಹಳ ಉಪಕಾರಿ, ಏಕೆಂದರೆ ಅದು ಒಂದೇ ಆಕರಕ್ಕೆ ಹಲವು ಉಪಬ್ಯಾಂಡ್‌ಗಳ ಬೆಲೆ ಕೊಡುತ್ತದೆ, ರೋಹಿತ ಬಾಗಿದ್ದರೆ ಕಣ್ಣಿಗೆ ಬೀಳುತ್ತದೆ.

ದತ್ತಾಂಶ ಈಗಾಗಲೇ ಕೈಯಲ್ಲಿದ್ದು ಬೇರೆ ದಾರಿ ಇಲ್ಲದಿದ್ದರೆ, ಗೇನ್ ಲೆಕ್ಕಕ್ಕೆ ಗಿಡ್ಡ ಬೇಸ್‌ಲೈನ್‌ಗಳನ್ನು ಬಿಟ್ಟುಬಿಡಿ. ಸಾವಿರ ತರಂಗಾಂತರಕ್ಕಿಂತ ಉದ್ದದವನ್ನು ಮಾತ್ರ ಬಳಸಿದರೆ ಗದ್ದಲ ಬಹುಮಟ್ಟಿಗೆ ತಗ್ಗುತ್ತದೆ. ನಾರಾಯಣಗಾಂವ್ ಸುತ್ತಲಿನ ವಿದ್ಯುತ್ ತಂತಿಗಳ ಕಿಡಿಯೂ ಹೆಚ್ಚಾಗಿ ಕಾಡುವುದು ನಡುಚೌಕದ ಗಿಡ್ಡ ಬೇಸ್‌ಲೈನ್‌ಗಳನ್ನೇ, ಹಾಗಾಗಿ ಎರಡೂ ಉಪದ್ರವಗಳಿಗೆ ಇದು ಮದ್ದು.

ಅಯಾನುಗೋಳವೇ ಹೌದೇ?

ಕೊನೆಗೂ ಈ ಪ್ರಶ್ನೆ ಕೇಳುವ ಹಕ್ಕು ಬಂತು. ಉತ್ತರಕ್ಕೆ ಊಹೆ ಬೇಕಿಲ್ಲ, ನಿರ್ಣಾಯಕ ಪರೀಕ್ಷೆ ಒಂದಿದೆ. ಮೂರು ಆಂಟೆನಾಗಳನ್ನು ತೆಗೆದುಕೊಂಡು ಅವುಗಳ ನಡುವಿನ ಮೂರು ಬೇಸ್‌ಲೈನ್‌ಗಳ ಫೇಸನ್ನು ಸುತ್ತು ಬಂದು ಕೂಡಿಸಿ. ಇದಕ್ಕೆ ಕ್ಲೋಷರ್ ಫೇಸ್ ಎನ್ನುತ್ತಾರೆ. ಅಯಾನುಗೋಳ ಆಗಲಿ, ಆಂಟೆನಾದ ವಿದ್ಯುನ್ಮಾನವಾಗಲಿ ಒಂದು ಆಂಟೆನಾದ ಫೇಸಿಗೆ ಏನೇ ಸೇರಿಸಿದರೂ ಅದು ಒಂದು ಬೇಸ್‌ಲೈನ್‌ನಲ್ಲಿ ಕೂಡಿ ಇನ್ನೊಂದರಲ್ಲಿ ಕಳೆದುಹೋಗುತ್ತದೆ. ಬಿಂದು ಆಕರವಾದರೆ ಉಳಿಯುವುದು ಸೊನ್ನೆ ಮತ್ತು ಗದ್ದಲ. ಸೊನ್ನೆಯಿಂದ ಸ್ಥಿರವಾಗಿ ದೂರ ಉಳಿದರೆ ಅದು ಆಕಾಶದ ಮಾತು: ಆಕರಕ್ಕೆ ರೂಪವಿದೆ, ಅಥವಾ ಅದು ಒಂಟಿಯಲ್ಲ. 30 ಆಂಟೆನಾಗಳಿಂದ 4060 ತ್ರಿಕೋನಗಳು ಸಿಗುತ್ತವೆ, ಎಲ್ಲವನ್ನೂ ನೋಡುವ ಅಗತ್ಯವಿಲ್ಲ. ಸಿ02ರಂಥ ನಡುಚೌಕದ ಒಂದು ಆಂಟೆನಾ, ಪಶ್ಚಿಮದ ಡಬ್ಲ್ಯೂ06, ದಕ್ಷಿಣದ ಎಸ್06 ಸೇರಿದ ದೊಡ್ಡ ತ್ರಿಕೋನ ಒಂದು, ನಡುಚೌಕದೊಳಗಿನ ಚಿಕ್ಕದೊಂದು ಸಾಕು. ಚಿಕ್ಕದು ಸೊನ್ನೆಯಲ್ಲಿದ್ದು ದೊಡ್ಡದು ಸರಿದಿದ್ದರೆ ಆಕರ ಜೋಡಿ ಅಥವಾ ಹರಹು. ದೊಡ್ಡದು ಸರಿಯಿದ್ದು ಚಿಕ್ಕದು ತಪ್ಪಿದ್ದರೆ ಕ್ಷೇತ್ರದ ಬೇರೆ ಆಕರಗಳ ಕೈವಾಡ.

ಎರಡೂ ಸೊನ್ನೆಯಲ್ಲಿದ್ದು, ಆಂಟೆನಾ ಫೇಸ್‌ಗಳು ಮಾತ್ರ ನಿಮಿಷ ನಿಮಿಷಕ್ಕೂ ಓಡುತ್ತಿದ್ದರೆ ಆಗ ಅಯಾನುಗೋಳದ ಮೇಲೆ ಆರೋಪ ಹೊರಿಸಬಹುದು. ತೋಳುಗಳ ತುದಿಯ ಆಂಟೆನಾಗಳಲ್ಲಿ ಓಟ ಹೆಚ್ಚು, ನಡುಚೌಕದಲ್ಲಿ ಕಡಿಮೆ. ಬ್ಯಾಂಡಿನ ಕೆಳ ತುದಿಯಲ್ಲಿ ಮೇಲ್ತುದಿಗಿಂತ ಹೆಚ್ಚು, ಏಕೆಂದರೆ ಈ ಫೇಸ್ ಆವರ್ತನಕ್ಕೆ ವಿಲೋಮವಾಗಿ ಬೆಳೆಯುತ್ತದೆ. ಖೋಡದ್ ಕಾಂತೀಯ ಸಮಭಾಜಕದಿಂದ ಬಹು ದೂರವಿಲ್ಲ, ಹಾಗಾಗಿ ವಿಷುವದ ತಿಂಗಳುಗಳಲ್ಲಿ, ಸೌರ ಚಟುವಟಿಕೆ ಏರಿರುವ ವರ್ಷಗಳಲ್ಲಿ, ಸೂರ್ಯಾಸ್ತದ ನಂತರದ ಗಂಟೆಗಳು ವಿಶೇಷವಾಗಿ ಕಾಡುತ್ತವೆ.

ಈ ಓಟದ ನಡುವೆ ಸರಾಸರಿ ತೆಗೆದರೆ ಫ್ಲಕ್ಸ್ ಕಳೆದುಹೋಗುತ್ತದೆ. ಗೇನ್ ಲೆಕ್ಕದ ಅವಧಿಯೊಳಗೆ ಫೇಸ್ ಅರ್ಧ ರೇಡಿಯನ್ನಿನಷ್ಟು ಚದುರಿದರೆ ಆಂಪ್ಲಿಟ್ಯೂಡ್ ಶೇ. 88ಕ್ಕೆ, ಒಂದು ರೇಡಿಯನ್ ಚದುರಿದರೆ ಶೇ. 61ಕ್ಕೆ ಇಳಿಯುತ್ತದೆ. ಫೇಸ್ ಕ್ಯಾಲಿಬ್ರೇಟರಿಗೆ ಕಾಸಾದ ಫ್ಲಕ್ಸ್‌ಸ್ಕೇಲ್ ಆದೇಶ ಹೇಳಿದ ಬೆಲೆ ನೀವು ಸಮೀಕ್ಷೆಗಳಿಂದ ಲೆಕ್ಕ ಹಾಕಿದ ಬೆಲೆಗಿಂತ ಕಡಿಮೆ ಬಂದಾಗ ಮೊದಲು ಇಲ್ಲಿ ಕೈಯಿಡಿ: ಫೇಸ್‌ಗೆ ಚಿಕ್ಕ ಅವಧಿಯಲ್ಲಿ ಒಂದು ಸುತ್ತು ಪರಿಹಾರ, ಅದನ್ನು ಅನ್ವಯಿಸಿದ ಮೇಲೆ ಆಂಪ್ಲಿಟ್ಯೂಡ್‌ಗೆ ಉದ್ದ ಅವಧಿಯಲ್ಲಿ ಇನ್ನೊಂದು ಸುತ್ತು. ಅವಧಿ ಕಿರಿದಾಗಿಸಿದ ಕೂಡಲೇ ಬೆಲೆ ಏರಿದರೆ ಕಳ್ಳ ಸಿಕ್ಕಿದಂತೆ. ಏರದಿದ್ದರೆ ಗುರಿ ಅಥವಾ ಕ್ಯಾಲಿಬ್ರೇಟರ್ ಆಕಾಶಗಂಗೆಯ ಸಮತಲದ ಬಳಿ ಇದೆಯೇ ನೋಡಿ. ಅಲ್ಲಿ ಹಿನ್ನೆಲೆಯ ಆಕಾಶವೇ ಬಿಸಿ, ಸ್ವಯಂಚಾಲಿತ ಮಟ್ಟ ನಿಯಂತ್ರಣ ಚಾಲೂ ಇದ್ದರೆ ಒಟ್ಟು ಸಂಕೇತವನ್ನು ಒಂದೇ ಮಟ್ಟಕ್ಕೆ ತರುವ ಭರದಲ್ಲಿ ಅದು ಆಕರದ ಪಾಲನ್ನು ಕುಗ್ಗಿಸುತ್ತದೆ. ಇಡೀ ಆಕಾಶದ ರೇಡಿಯೋ ತಾಪಮಾನ ತೋರಿಸುವ 408 ಮೆಗಾಹರ್ಟ್ಸ್‌ನ ಹ್ಯಾಸ್ಲಮ್ ನಕ್ಷೆಯಿಂದ ಎರಡೂ ದಿಕ್ಕುಗಳ ತಾಪಮಾನ ತೆಗೆದು ತಿದ್ದುಪಡಿ ಮಾಡಬೇಕು.

ಹತ್ತಿರದಲ್ಲಿ ಯಾವ ಆಕರವೂ ಸಿಗದಿದ್ದರೆ

ಬ್ಯಾಂಡ್ 2ರಲ್ಲಿ ನನ್ನ ಅಭಿಪ್ರಾಯ ಖಚಿತ: 15 ಡಿಗ್ರಿ ಆಚೆಯ ಸಾಧಾರಣ ಫೇಸ್ ಕ್ಯಾಲಿಬ್ರೇಟರಿಗೆ ಅಂಟಿಕೊಳ್ಳಬೇಡಿ. ಅಲ್ಲಿಯ ಅಯಾನುಗೋಳವೇ ಬೇರೆ, ಗುರಿಯ ಮೇಲಿನದೇ ಬೇರೆ. ಮೂರು ಡಿಗ್ರಿಯ ಒಂದೇ ಕ್ಷೇತ್ರದೊಳಗೂ ಅದು ಒಂದೇ ಸಮನಾಗಿರುವುದಿಲ್ಲ. ಕ್ಷೇತ್ರದ ಅಗಲ ಇಲ್ಲಿ ವರವಾಗುತ್ತದೆ. ಗುರಿಯ ಸುತ್ತಲೇ ಸ್ಥಾನ, ಫ್ಲಕ್ಸ್ ಎರಡೂ ತಿಳಿದ ಆಕರಗಳು ಬೇಕಾದಷ್ಟಿವೆ. ಫ್ಲಕ್ಸ್ ಕ್ಯಾಲಿಬ್ರೇಟರಿನಿಂದ ಉಪಕರಣದ ಗೇನ್‌ಗಳನ್ನಷ್ಟೇ ತೆಗೆದುಕೊಂಡು, ಗುರಿಕ್ಷೇತ್ರದ ಫೇಸನ್ನು ಸಮೀಕ್ಷೆಗಳಿಂದ ಕಟ್ಟಿದ ಆಕಾಶ ಮಾದರಿಗೆ ಹೊಂದಿಸುವುದು ದಾರಿ. ಖಗೋಳ ವಿಜ್ಞಾನಿ ಹ್ಯೂಬ್ ಇಂಟೆಮಾ ಅವರ ಸ್ಪ್ಯಾಮ್ ತಂತ್ರಾಂಶ ಮಾಡುವುದು ಇದನ್ನೇ, ಮುಂದುವರಿದು ದಿಕ್ಕಿಗೊಂದು ಪರಿಹಾರವನ್ನೂ ಕೊಡುತ್ತದೆ. 2017ರಲ್ಲಿ ಪ್ರಕಟವಾದ ಟಿಜಿಎಸ್‌ಎಸ್ ಪಟ್ಟಿ ಸಿದ್ಧವಾದದ್ದು ಈ ವಿಧಾನದಿಂದಲೇ.

ಬ್ಯಾಂಡ್ 3 ಮತ್ತು 4ರಲ್ಲಿ ಹೊಸ ವೀಕ್ಷಣೆ ಯೋಜಿಸುವವರು ಫೇಸ್ ಕ್ಯಾಲಿಬ್ರೇಟರಿನ ಜೊತೆಗೆ, ಅದರಿಂದ ಐದಾರು ಡಿಗ್ರಿ ದೂರದ ಇನ್ನೊಂದು ಬಿಂದು ಆಕರಕ್ಕೆ ಒಂದೆರಡು ಚಿಕ್ಕ ಸ್ಕ್ಯಾನ್ ಸೇರಿಸಿ. ಆಂಟೆನಾಗಳು ಅಡ್ಡಕ್ಕೆ ನಿಮಿಷಕ್ಕೆ 30 ಡಿಗ್ರಿ ತಿರುಗುತ್ತವೆ, ಆದ್ದರಿಂದ ಹೆಚ್ಚು ಸಮಯ ವ್ಯರ್ಥವಾಗದು. ಈ ಎರಡನೆಯದರಿಂದ ಯಾವ ಗೇನನ್ನೂ ಲೆಕ್ಕ ಹಾಕಬೇಡಿ, ಗುರಿಯೆಂಬಂತೆಯೇ ಸಂಸ್ಕರಿಸಿ. ಅದರ ಚಿತ್ರದಲ್ಲಿ ಬಿಂದು ಬಿಂದುವಾಗಿಯೇ, ತಿಳಿದ ಸ್ಥಾನದಲ್ಲಿಯೇ, ಲೆಕ್ಕ ಹಾಕಿದ ಫ್ಲಕ್ಸಿಗೆ ಹತ್ತು ಶೇಕಡದ ಒಳಗೆ ಬಂದರೆ ಗುರಿಯ ಚಿತ್ರಕ್ಕೆ ಕೈ ಹಾಕಿ. ಬರದಿದ್ದರೆ ಮೊದಲು ನೋಡಬೇಕಾದದ್ದು ಆಂಪ್ಲಿಟ್ಯೂಡ್ ಮತ್ತು ಬೇಸ್‌ಲೈನ್ ಉದ್ದದ ಆ ನಕ್ಷೆ, ನಂತರ ಎರಡು ತ್ರಿಕೋನಗಳ ಕ್ಲೋಷರ್ ಫೇಸ್, ಅದೇ ಕ್ರಮದಲ್ಲಿ.